ಕ್ಷೇತ್ರ, ವಾಸ್ತು ಮತ್ತು ಮಿತಿ: ಎರಡನೆಯ ಮನೆಯ ವಿಚಾರ

ಗೃಹಸ್ಥನಿಗೆ ಮನೆ ಬೇಕು. ಮುನಿಗಳಿಗೆ ವಿಧಿಸಿದ ಸರ್ವಸಂಗ ಪರಿತ್ಯಾಗವನ್ನು ಶಾಸ್ತ್ರವು ಶ್ರಾವಕನಿಂದ ಅಪೇಕ್ಷಿಸುವುದಿಲ್ಲ, ಪರಿಮಾಣವನ್ನಷ್ಟೇ ಅಪೇಕ್ಷಿಸುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಆಚಾರ್ಯ ಉಮಾಸ್ವಾಮಿಗಳು ಕ್ಷೇತ್ರ ಮತ್ತು ವಾಸ್ತುಗಳನ್ನು, ಎಂದರೆ ಭೂಮಿ ಮತ್ತು ಮನೆಗಳನ್ನು, ಬೆಳ್ಳಿಬಂಗಾರಗಳಿಗಿಂತಲೂ ಮೊದಲು ಇರಿಸಿದ್ದಾರೆ. ಇಂದು ನಮ್ಮ ಕುಟುಂಬಗಳಲ್ಲಿ ಉಳಿತಾಯದ ಮಾತು ಬಂದೊಡನೆ ಮೊದಲು ಕೇಳಿಬರುವುದೂ ಇವೇ: ಕರಾವಳಿಯ ಕಡಲಂಚಿನಲ್ಲಿ ಒಂದು ನಿವೇಶನ, ಇಲ್ಲವೆ ಬೆಂಗಳೂರಿನ ಹೊರವಲಯದಲ್ಲಿ ಒಂದು ಫ್ಲ್ಯಾಟು. ವಾಸಕ್ಕೆ ಮನೆಯಿದ್ದವನು ಇನ್ನೊಂದನ್ನು ಕೊಳ್ಳುವುದು ಎಲ್ಲಿಯವರೆಗೆ ವ್ಯವಹಾರ, ಎಲ್ಲಿಂದ ಮುಂದೆ ಮೂರ್ಛೆ ಎಂಬುದು ಇಲ್ಲಿನ ಪ್ರಶ್ನೆ.

ಒಂದು ವಾದವನ್ನು ಮೊದಲು ಪರಿಶೀಲಿಸಬೇಕು. ಷೇರು ಕೊಂಡರೆ ಆ ಕಂಪನಿಯು ಮದ್ಯವನ್ನೋ ಚರ್ಮವನ್ನೋ ಮಾರುತ್ತಿರಬಹುದು. ಭೂಮಿಯಲ್ಲಿ ಆ ದೋಷವಿಲ್ಲ, ಅದು ಹಿಂಸೆಯಿಲ್ಲದ ಹೂಡಿಕೆ ಎಂದು ಅನೇಕ ಹಿರಿಯರು ಹೇಳುತ್ತಾರೆ. ಮಾತಿನಲ್ಲಿ ಸತ್ಯಾಂಶವಿದೆ, ಪೂರ್ಣಸತ್ಯವಿಲ್ಲ. ಗದ್ದೆಯನ್ನು ಮಣ್ಣು ತುಂಬಿ ಎತ್ತರಿಸಿದಾಗ, ಗುಡ್ಡವನ್ನು ಕಡಿದು ಸಮತಟ್ಟು ಮಾಡಿದಾಗ, ಕೆರೆಯ ರಾಜಕಾಲುವೆಯನ್ನು ಕಿರಿದುಗೊಳಿಸಿದಾಗ ಎಷ್ಟು ಜೀವಗಳ ನೆಲೆ ತಪ್ಪುತ್ತದೆ ಎಂಬುದನ್ನು ಕ್ರಯಪತ್ರದಲ್ಲಿ ಯಾರೂ ಬರೆಯುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರ ಭಾಗಗಳಲ್ಲಿ ಬೆಲೆಬಾಳುವ ಮನೆಗಳೊಳಗೇ ನೀರು ನುಗ್ಗಿದಾಗ, ನೀರು ತನ್ನ ಹಳೆಯ ದಾರಿಯನ್ನು ಮರೆತಿರಲಿಲ್ಲವೆಂಬುದು ಎಲ್ಲರಿಗೂ ತಿಳಿಯಿತು. ಆದ್ದರಿಂದ ಭೂಮಿಯು ತಾನಾಗಿಯೇ ನಿರ್ದೋಷವಲ್ಲ. ಕೊಳ್ಳುವ ಬಗೆಯನ್ನು ನೋಡಬೇಕು.

ಈ ಪರೀಕ್ಷೆಗೆ ಅಚೌರ್ಯಾಣುವ್ರತದ ಅತಿಚಾರಗಳೇ ಒಳ್ಳೆಯ ಒರೆಗಲ್ಲು. ಕದ್ದು ತಂದದ್ದನ್ನು ಕೊಳ್ಳುವುದು ಒಂದು ಅತಿಚಾರ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಕೆಲವೊಮ್ಮೆ ಪಟ್ಟಾ ಭೂಮಿಯೊಡನೆ ಅದಕ್ಕೆ ಹೊಂದಿದ ಕುಮ್ಕಿ ಜಾಗವನ್ನೂ ಸೇರಿಸಿ ತೋರಿಸಿ ಬೆಲೆ ಹೇಳುವುದುಂಟು. ಕುಮ್ಕಿಯು ಸರ್ಕಾರದ ಭೂಮಿ. ವರ್ಗದಾರನಿಗೆ ಅಲ್ಲಿರುವುದು ಕೆಲವು ಅನುಕೂಲಗಳೇ ಹೊರತು ಮಾರುವ ಹಕ್ಕಲ್ಲ. ಮೂಲಪತ್ರ, ಪಹಣಿ, ಋಣಭಾರ ಪತ್ರಗಳನ್ನು ಪರಿಶೀಲಿಸುವುದು ಹಣದ ರಕ್ಷಣೆಗೆ ಮಾತ್ರವಲ್ಲ, ಇನ್ನೊಬ್ಬರ ಪಾಲು ನಮ್ಮ ಕೈಸೇರದಿರಲಿ ಎಂಬ ವ್ರತರಕ್ಷಣೆಗೂ ಹೌದು.

ರಾಜ್ಯದ ಕಟ್ಟಳೆಯನ್ನು ಮೀರುವುದು ಇನ್ನೊಂದು ಅತಿಚಾರ. ಕ್ರಯಪತ್ರದಲ್ಲಿ ಮಾರ್ಗಸೂಚಿ ಬೆಲೆಯನ್ನಷ್ಟೇ ಬರೆಸಿ ಉಳಿದುದನ್ನು ನಗದಾಗಿ ಕೈಬದಲಿಸುವ ರೂಢಿಯನ್ನು ‘ಎಲ್ಲರೂ ಮಾಡುತ್ತಾರೆ’ ಎಂಬ ಒಂದೇ ಮಾತಿನಿಂದ ಸಮರ್ಥಿಸಲಾಗುತ್ತದೆ. ಸ್ಥಿರಾಸ್ತಿಯ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು 2015ರಲ್ಲಿಯೇ ಕಾನೂನು ನಿಷೇಧಿಸಿದೆ. ಎಲ್ಲರೂ ಮಾಡುವುದರಿಂದ ಅತಿಚಾರವು ಆಚಾರವಾಗದು.

ಮೂರನೆಯದು ಅಳತೆಯ ಮೋಸ. ಹಿಂದೆ ಸೇರು ತಕ್ಕಡಿಗಳಲ್ಲಿ ನಡೆಯುತ್ತಿದ್ದುದು ಇಂದು ಚದರಡಿಯಲ್ಲಿ ನಡೆಯುತ್ತದೆ. ಮೆಟ್ಟಿಲು, ಲಿಫ್ಟು, ಪಡಸಾಲೆಗಳ ಪಾಲನ್ನೂ ಕೂಡಿಸಿ ‘ಸೂಪರ್ ಬಿಲ್ಟ್-ಅಪ್’ ಎಂದು ದೊಡ್ಡ ಸಂಖ್ಯೆಯನ್ನು ಹೇಳುವ ರೂಢಿಯಿಂದಾಗಿ ಕೊಳ್ಳುವವನಿಗೆ ತಾನು ಕಾಲಿಡುವ ನೆಲವೆಷ್ಟೆಂದೇ ತಿಳಿಯುತ್ತಿರಲಿಲ್ಲ. 2016ರ ರೇರಾ ಕಾಯಿದೆಯು ಕಾರ್ಪೆಟ್ ವಿಸ್ತೀರ್ಣವನ್ನು ವ್ಯಾಖ್ಯಾನಿಸಿ, ಗ್ರಾಹಕರಿಂದ ಪಡೆದ ಹಣದ 70 ಪ್ರತಿಶತವನ್ನು ಆ ಯೋಜನೆಯ ಭೂಮಿ ಮತ್ತು ನಿರ್ಮಾಣದ ವೆಚ್ಚಕ್ಕಾಗಿ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂದು ವಿಧಿಸಿತು. ನಮ್ಮ ಸಮಾಜದಲ್ಲಿ ಕೊಳ್ಳುವವರಂತೆ ಕಟ್ಟಿ ಮಾರುವವರೂ ಇದ್ದಾರೆ. ಅವರಿಗೆ ಈ ಕಾಯಿದೆಯು ಹೊರೆಯೆನಿಸಬಾರದು. ವ್ರತವು ಮೊದಲೇ ಹೇಳಿದ್ದನ್ನು ಕಾನೂನು ತಡವಾಗಿ ಹೇಳಿತು, ಅಷ್ಟೆ.

ಇನ್ನು ಕಡಲತೀರದ ವಿಚಾರ. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಹೊರಟಿದ್ದು 1991ರಲ್ಲಿ. 2019ರ ಅಧಿಸೂಚನೆಯಂತೆ, ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಪ್ರದೇಶದಲ್ಲಿ ಭರತರೇಖೆಯಿಂದ 50 ಮೀಟರ್, ಉಳಿದ ಗ್ರಾಮೀಣ ಪ್ರದೇಶದಲ್ಲಿ 200 ಮೀಟರ್ ಅಭಿವೃದ್ಧಿ ನಿಷೇಧ ವಲಯ. ದಲ್ಲಾಳಿಗಳ ಬಾಯಲ್ಲಿ ಈ ಅಂತರವು ಸುಲಭವಾಗಿ ಕುಗ್ಗುತ್ತದೆ. ಸಮುದ್ರದ ಎದುರು ಕುಗ್ಗುವುದಿಲ್ಲ. ಉಳ್ಳಾಲ, ಸೋಮೇಶ್ವರಗಳ ಕಡಲ್ಕೊರೆತವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದಲ್ಲದೆ ಆ ಮರಳ ತೀರವು ಮೊಗವೀರರು ದೋಣಿ ಎಳೆದಿಡುವ, ಬಲೆ ಹರಡುವ ಸ್ಥಳ. ನಮ್ಮ ಆವರಣ ಗೋಡೆಯಿಂದ ಅವರು ಕಡಲಿಗಿಳಿಯುವ ದಾರಿ ಮುಚ್ಚುವುದಾದರೆ, ಪತ್ರಗಳೆಲ್ಲ ಸರಿಯಾಗಿದ್ದರೂ ಆ ನಿವೇಶನವು ಶ್ರಾವಕನಿಗೆ ಯೋಗ್ಯವಲ್ಲ. 2020ರ ಭೂಸುಧಾರಣಾ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಕೊಳ್ಳಬಹುದು ಎಂಬುದು ಅನುಮತಿ. ಕೊಳ್ಳಬೇಕು ಎಂಬ ಅಪ್ಪಣೆಯಲ್ಲ.

ನಗರದ ಹೊರವಲಯದ ಮನೆಯಲ್ಲಿ ಬೇರೆ ಲೆಕ್ಕವಿದೆ. 2023ರಲ್ಲಿ ಮೆಟ್ರೋ ವೈಟ್‌ಫೀಲ್ಡಿಗೂ 2025ರಲ್ಲಿ ಬೊಮ್ಮಸಂದ್ರಕ್ಕೂ ತಲಪಿತು. ಹಳಿಗಿಂತ ಮುಂಚೆಯೇ ಜಾಹೀರಾತು ಅಲ್ಲಿಗೆ ತಲಪಿತ್ತು. ನಿಲ್ದಾಣದ ಸಮೀಪ ವಾಸಕ್ಕೆಂದು ಮನೆ ಕೊಳ್ಳುವ ತರುಣ ದಂಪತಿಗಳಿಗೆ ಅದು ಒಳಿತೇ. ಆದರೆ ಅಗ್ಗವೆಂದು ಬಹುದೂರದಲ್ಲಿ ಕೊಂಡು ದಿನಕ್ಕೆ ಮೂರು ಗಂಟೆ ಪ್ರಯಾಣ ಮಾಡುವವರು ವರ್ಷದ 250 ಕೆಲಸದ ದಿನಗಳಲ್ಲಿ 750 ಗಂಟೆ, ಎಂದರೆ ಹಗಲಿರುಳು ಕೂಡಿ ಮೂವತ್ತೊಂದು ದಿನಗಳನ್ನು ದಾರಿಯಲ್ಲಿ ಕಳೆಯುತ್ತಾರೆ. ಸ್ವಾಧ್ಯಾಯಕ್ಕೂ ಮಕ್ಕಳಿಗೂ ಉಳಿಯಬೇಕಾದ ಈ ಒಂದು ತಿಂಗಳನ್ನು ಮನೆಯ ಬೆಲೆಗೆ ಕೂಡಿಸಬೇಕು.

ಕೇವಲ ಲಾಭಕ್ಕಾಗಿ ಕೊಂಡವರೂ ಲೆಕ್ಕ ಹಾಕಲಿ. 60 ಲಕ್ಷ ರೂಪಾಯಿಯ ಫ್ಲ್ಯಾಟಿಗೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಬಂದರೆ ವಾರ್ಷಿಕ ಪ್ರತಿಫಲ ನೂರಕ್ಕೆ ಮೂರು. ನಿರ್ವಹಣೆ, ತೆರಿಗೆ ಕಳೆದರೆ ಇನ್ನೂ ಕಡಿಮೆ. ಉಳಿದುದೆಲ್ಲ ಮುಂದೆ ಬೆಲೆಯೇರುವುದೆಂಬ ಆಸೆ. ಆ ಆಸೆಯಲ್ಲಿ ಮನೆಗೆ ಬೀಗ ಹಾಕಿ ಇಡುವುದೇ ನಿಜವಾದ ಸಂಗ್ರಹ. ವರ್ಷಕ್ಕೆ 3,500 ಮಿಲಿಮೀಟರು ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ, ಉಪ್ಪುಗಾಳಿಗೆ ಕಬ್ಬಿಣ ತುಕ್ಕುಹಿಡಿದು, ಬೀಗದ ಮನೆಯು ವಾಸದ ಮನೆಗಿಂತ ಬೇಗ ಹಾಳಾಗುತ್ತದೆ. ಅದನ್ನೇ ನ್ಯಾಯವಾದ ಬಾಡಿಗೆಗೆ ಕೊಟ್ಟರೆ ಒಂದು ಕುಟುಂಬಕ್ಕೆ ನೆಲೆ, ಒಡೆಯನಿಗೆ ಆದಾಯ, ಕಟ್ಟಡಕ್ಕೆ ಆಯುಷ್ಯ.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಒಂದು ಮಾತು. ಧರ್ಮದ್ರವ್ಯವು ವಿಶ್ವಸ್ತರ ಸ್ವಂತದ್ದಲ್ಲ. ಬೆಲೆಯೇರುವ ನಿರೀಕ್ಷೆಯ ಮೇಲೆ ತನ್ನ ಹಣವನ್ನು ಪಣಕ್ಕಿಡುವ ಸ್ವಾತಂತ್ರ್ಯ ಗೃಹಸ್ಥನಿಗೆ ಇದ್ದೀತು. ಧರ್ಮದ್ರವ್ಯದಲ್ಲಿ ಯಾರಿಗೂ ಇಲ್ಲ. ದೂರದ ನಿವೇಶನಕ್ಕಿಂತ ಬಸದಿಯ ಸಮೀಪ ವೃದ್ಧರಿಗೂ ವಿದ್ಯಾರ್ಥಿಗಳಿಗೂ ಬಳಕೆಯಾಗುವ ಕಟ್ಟಡ ಮೇಲು. ಯಾವುದೇ ಖರೀದಿಯ ಪತ್ರಗಳು ಸಭೆಯ ಮುಂದಿರಬೇಕು. ವಿಶ್ವಸ್ತರ ಬಂಧುಗಳಿಂದ ಕೊಳ್ಳಲೇಬಾರದು.

ದಿಗ್ವ್ರತದ ಅತಿಚಾರಗಳಲ್ಲಿ ಎರಡು ಇಲ್ಲಿಗೆ ಚೆನ್ನಾಗಿ ಒಪ್ಪುತ್ತವೆ: ಹಾಕಿಕೊಂಡ ಎಲ್ಲೆಯನ್ನು ಬೆಳೆಸುವ ಕ್ಷೇತ್ರವೃದ್ಧಿ, ಎಲ್ಲೆಯೆಷ್ಟೆಂಬುದನ್ನೇ ಮರೆಯುವ ಸ್ಮೃತ್ಯಂತರಾಧಾನ. ಎಲ್ಲೆಯನ್ನೇ ಹಾಕಿಕೊಳ್ಳದವನಿಗೆ ಮರೆಯುವುದಕ್ಕೂ ಏನೂ ಇಲ್ಲ. ಆದ್ದರಿಂದ ಪ್ರತಿಯೊಂದು ಕುಟುಂಬವೂ ವಾಸಕ್ಕೆ ಎಷ್ಟು, ಮಕ್ಕಳಿಗೆ ಎಷ್ಟು, ಆದಾಯಕ್ಕೆ ಎಷ್ಟು ಎಂದು ತಮ್ಮ ಮಿತಿಯನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ದಾಖಲೆಪತ್ರಗಳ ಜೊತೆಯಲ್ಲಿಯೇ ಇಡುವುದು ಲೇಸು. ಮುಂದಿನ ಕ್ರಯಪತ್ರಕ್ಕೆ ಸಹಿ ಮಾಡುವ ಮೊದಲು ಆ ಹಾಳೆಯನ್ನೊಮ್ಮೆ ಓದಲಿ.