ಟಿಟ್ಟಿಭದ ಅಂಗಳದಲ್ಲಿ ನಾವು

ಬೆಂಗಳೂರಿನ ಹಳಬರಿಗೆ ಹೆಸರಘಟ್ಟ ಅಂದರೆ ನೀರು. 1894ರಲ್ಲಿ ಅರ್ಕಾವತಿಗೆ ಕಟ್ಟಿದ ಆ ಕೆರೆಯಿಂದಲೇ ಊರಿಗೆ ಕೊಳವೆ ನೀರು ಬಂದದ್ದು. ಕೆರೆಯ ಪಕ್ಕದ ಹುಲ್ಲುಗಾವಲನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮರವಿಲ್ಲದ ನೆಲ ನಮ್ಮ ಕಣ್ಣಿಗೆ ಬೀಳು. ಬೀಳು ಅಂದಮೇಲೆ ಅಲ್ಲಿ ಏನು ಮಾಡಿದರೂ ನಡೆದೀತು. ಹುಲ್ಲಿನ ಮೇಲೆಯೇ ಜೀಪು ಓಡಿಸಿದೆವು, ಮದುವೆ ಜೋಡಿಗಳ ಫೋಟೊ ತೆಗೆದೆವು, ತಿಂದ ಪೊಟ್ಟಣ ಅಲ್ಲೇ ಬಿಟ್ಟೆವು. ಯಾರಾದರೂ ಕೇಳಿದರೆ ಉತ್ತರ ಸಿದ್ಧ: "ನಾವೇನು ಕಿತ್ಕೊಂಡು ಹೋಗ್ತೀವಾ? ಸುಮ್ನೆ ನೋಡ್ಕೊಂಡು ಹೋಗ್ತೀವಿ."

ಟಿಟ್ಟಿಭದ ಕಡೆಯಿಂದ ಈ ಮಾತನ್ನು ಕೇಳಬೇಕು. ಅದು ಮರದಲ್ಲಿ ಗೂಡು ಕಟ್ಟುವ ಹಕ್ಕಿಯಲ್ಲ. ಬಯಲಿನಲ್ಲೊಂದು ತಗ್ಗು, ಅದರಲ್ಲಿ ಕಲ್ಲಿನಂತೆಯೇ ಕಾಣುವ ನಾಲ್ಕು ಮೊಟ್ಟೆ, ಅಷ್ಟೇ ಮನೆ. ಬಿಸಿಲೇರಿದ ಹೊತ್ತಿನಲ್ಲಿ ಅದು ಮೊಟ್ಟೆಗೆ ಕೊಡುವುದು ಕಾವನ್ನಲ್ಲ, ನೆರಳನ್ನು. ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ತಂಪನ್ನೂ ಕೊಡುತ್ತದೆ. ನಾವು ಹತ್ತಿರ ಹೋದರೆ ಎದ್ದು, ಕಿರುಚುತ್ತಾ ಸುತ್ತುತ್ತದೆ. ಅದು ಕಿರುಚುವಷ್ಟು ಹೊತ್ತೂ ಮೊಟ್ಟೆ ಬಿಸಿಲಲ್ಲಿ ಬೇಯುತ್ತಿರುತ್ತದೆ. ನಾವು ಮುಟ್ಟಿಲ್ಲ, ತುಳಿದಿಲ್ಲ. ಹಕ್ಕಿಯ ಮೇಲಿನ ಪ್ರೀತಿಗೇ ಅರ್ಧ ಗಂಟೆ ಕ್ಯಾಮೆರಾ ಹಿಡಿದು ಕೂತಿದ್ದೇವೆ. ಕಿತ್ತುಕೊಂಡದ್ದು ಅರ್ಧ ಗಂಟೆಯ ನೆರಳು. (ನಾನೂ ಹಾಗೆ ಕೂತವನೇ. ಚಿತ್ರ ಚೆನ್ನಾಗಿಯೇ ಬಂತು.)

ಇಂಥ ಕಡೆ ಎಲ್ಲರ ಬಾಯಲ್ಲೂ ಬರುವ ಮಾತು ಸಮತೋಲನ. ಜನರಿಗೆ ಅರ್ಧ, ಪ್ರಾಣಿಗಳಿಗೆ ಅರ್ಧ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ನನ್ನ ಭಾನುವಾರ ಲಾಲ್‌ಬಾಗಿಗೂ ಹೋದೀತು, ಹುಲ್ಲುಗಾವಲಿನ ನೆಲಗುಬ್ಬಿ ಹೋಗಲಾರದು. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬರುವ ಸೆಳೆವ (ಹ್ಯಾರಿಯರ್) ಹಕ್ಕಿಗಳು ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ತಂಗುತ್ತವೆ. ಅದರ ಮಧ್ಯೆ ಒಂದು ದಾರಿ ಎಳೆದರೆ ಅವುಗಳಿಗೆ ಉಳಿಯುವುದು ಅರ್ಧ ತಂಗುದಾಣವಲ್ಲ. ಇಡೀ ತಂಗುದಾಣವೇ ಹೋದೀತು. ಆಸ್ತಿಯನ್ನು ಪಾಲು ಮಾಡುವ ಗಣಿತ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹಾಗಾದರೆ ಬೇಲಿ ಹಾಕಿ ಬೀಗ ಜಡಿಯೋಣವೇ? ಅದಕ್ಕೂ ನನ್ನ ಮನಸ್ಸು ಒಪ್ಪದು. ಪಂಚತಂತ್ರದ ಟಿಟ್ಟಿಭ, ತನ್ನ ಮೊಟ್ಟೆ ಕದ್ದ ಸಮುದ್ರದ ಮೇಲೆ ದೂರು ಒಯ್ದದ್ದು ಗರುಡನ ಬಳಿಗೆ. ಗರುಡನ ಹಿಂದೆ ವಿಷ್ಣುವಿದ್ದ. ಹೆಸರಘಟ್ಟದ ಟಿಟ್ಟಿಭಕ್ಕೆ ಗರುಡರಾಗಿ ಬಂದವರು ಇದೇ ಭಾನುವಾರದ ಮಂದಿ. ಆ ಬಯಲಿನಲ್ಲಿ ಚಿತ್ರನಗರಿ ಕಟ್ಟುವ ಯೋಜನೆ ಮೇಲೆದ್ದಾಗ ಹಕ್ಕಿ ನೋಡುವವರೂ ಫೋಟೊ ತೆಗೆಯುವವರೂ ಅಡ್ಡ ನಿಂತರು. ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸುವ ಪ್ರಸ್ತಾವವನ್ನು 2021ರಲ್ಲಿ ತಳ್ಳಿಹಾಕಿದ್ದ ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿಕೊಂಡಿತು. 5,000 ಎಕರೆಗೂ ಮಿಕ್ಕ ನೆಲ ಉಳಿಯಿತು. ಹಿಂದೆಂದೂ ಆ ಬಯಲಿಗೆ ಕಾಲಿಡದವರು ಅದಕ್ಕಾಗಿ ಕೋರ್ಟು ಕಚೇರಿ ಅಲೆಯುತ್ತಿದ್ದರೆಂದು ನಂಬುವುದು ಕಷ್ಟ.

ಆದ್ದರಿಂದ ಹಂಚಬೇಕಾದದ್ದು ಎಕರೆಯನ್ನಲ್ಲ, ಹೊತ್ತನ್ನು. ಮಾರ್ಚಿನಿಂದ ಮಳೆಗಾಲ ಕಳೆಯುವ ತನಕ ಹುಲ್ಲಿಗೆ ಇಳಿಯದೆ ಹಳೆಯ ಕಾಲುದಾರಿಯಲ್ಲೇ ನಡೆಯುವುದು. ಚಳಿಗಾಲದಲ್ಲಿ ಹೊತ್ತು ಮುಳುಗುವ ಮೊದಲೇ ಹಿಂದಿರುಗುವುದು. ವಾಹನಕ್ಕೆ ಎಂದೂ ಪ್ರವೇಶವಿಲ್ಲ. ದನ ಮೇಯಿಸುವವರ ಮಾತು ಬೇರೆ: ಅವರದು ವಿಹಾರವಲ್ಲ, ಹೊಟ್ಟೆಪಾಡು. ಸಂರಕ್ಷಣಾ ಮೀಸಲು ಎಂಬ ಏರ್ಪಾಟನ್ನು 2002ರಲ್ಲಿ ಕಾನೂನಿಗೆ ಸೇರಿಸಿದಾಗ ಸ್ಥಳೀಯರನ್ನು ಕೇಳಿಯೇ ಘೋಷಿಸಬೇಕೆಂದು ಬರೆದದ್ದು ಸುಮ್ಮನೆ ಅಲ್ಲ.

"ಮಕ್ಕಳು ಎಲ್ಲಿ ಓಡಾಡಬೇಕು?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದನ್ನು ಮೊದಲು ಕೇಳಬೇಕಾದದ್ದು, ನಕಾಶೆಯಲ್ಲಿ ಪಾರ್ಕು ಎಂದು ತೋರಿಸಿದ ಜಾಗದಲ್ಲಿ ಸೈಟು ಮಾಡಿ ಮಾರಿದ ನಮ್ಮ ಬಡಾವಣೆಗಳನ್ನು.