ಗಾಳಿ ಇಳಿಸಿದ ಮೇಲೆ

ಗಂಟೆಗೆ 290 ಕಿಲೋಮೀಟರಿಗಿಂತಲೂ ವೇಗವಾಗಿ ಓಡಬಲ್ಲ ಕಾರಿನಲ್ಲಿ ಕುಳಿತು ನಾನು ಮೊದಲ ಸಲ ಹೋದದ್ದು ಕೊತ್ತಂಬರಿ ಸೊಪ್ಪು ತರಲು. ದುಬೈಯಲ್ಲಿರುವ ಮಗಳ ಮನೆಯಿಂದ ಕರಾಮದ ತರಕಾರಿ ಅಂಗಡಿಗೆ. ದಾರಿಯುದ್ದಕ್ಕೂ ಸಿಗ್ನಲ್ಲು, ಸಾಲುಗಟ್ಟಿದ ವಾಹನಗಳು. ಉಡುಪಿಯ ನಮ್ಮ ರಿಕ್ಷಾದವನು ಇದಕ್ಕಿಂತ ಬೇಗ ತಲುಪಿಸುತ್ತಿದ್ದ ಎಂದು ನಾನೆಂದಾಗ ಮಗಳು ನಕ್ಕಳೇ ಹೊರತು ಸಿಟ್ಟಾಗಲಿಲ್ಲ.

ಕಾರಿನ ಹೆಸರು ಪೋರ್ಶೆ 911. ಬಾಗಿಲು ತೆರೆದು ಕುಳಿತರೆ ನೆಲದ ಮೇಲೆ ಮಣೆ ಹಾಕಿ ಕುಳಿತ ಹಾಗೆ. ಏಳುವಾಗ ನನ್ನ ಮಂಡಿ ಎರಡೂ ದೂರು ಹೇಳುತ್ತವೆ. ಇಂಜಿನ್ನು ಹಿಂದುಗಡೆ, ಸಾಮಾನು ಇಡುವ ಜಾಗ ಮುಂದುಗಡೆ. 1963ರಲ್ಲಿ ಜರ್ಮನಿಯಲ್ಲಿ ಈ ಕಾರನ್ನು ಮೊದಲು ಪ್ರದರ್ಶಿಸಿದಾಗಿನಿಂದ ಈ ತಲೆಕೆಳಗಾದ ಕ್ರಮವನ್ನು ಅವರು ಬಿಟ್ಟಿಲ್ಲವಂತೆ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಏರಲು ಇದಕ್ಕೆ ನಾಲ್ಕು ಸೆಕೆಂಡು ಚಿಲ್ಲರೆ ಸಾಕು. ನಾನು ಸೆರಗು ಸರಿಮಾಡಿಕೊಳ್ಳಲೂ ಅಷ್ಟು ಹೊತ್ತು ಸಾಲದು.

ಮಗಳು ಇದನ್ನು ಯಾರೋ ಬಳಸಿ ಬಿಟ್ಟದ್ದನ್ನು ಕೊಂಡಳು, ತನ್ನ ಸಂಬಳದಲ್ಲಿ, ನಲವತ್ತು ತುಂಬಿದ ವರ್ಷ. ಆ ಹಣದಲ್ಲಿ ಮಣಿಪಾಲದ ಕಡೆ ಒಂದು ಸೈಟು ಬರುತ್ತಿತ್ತು ಎಂದು ನಾನು ಫೋನಿನಲ್ಲಿ ಹೇಳಿದ್ದೆ. ಒಮ್ಮೆ ಅಲ್ಲ, ಕರೆ ಮಾಡಿದಾಗಲೆಲ್ಲ. ತಾಯಂದಿರಿಗೆ ಒಂದು ಮಾತನ್ನು ಒಂದೇ ಸಲ ಹೇಳಿ ಬಿಡುವ ಅಭ್ಯಾಸವಿಲ್ಲ, ನಿಮಗೆ ಗೊತ್ತಿರುವುದೇ.

ಕಳೆದ ಜನವರಿಯಲ್ಲಿ ನಾನಲ್ಲಿಗೆ ಹೋಗಿದ್ದಾಗ ಒಂದು ಶನಿವಾರ ನಸುಕಿಗೇ ಎಬ್ಬಿಸಿದಳು. "ಅಮ್ಮ, ಏಳು. ಮರುಭೂಮಿ ನೋಡಿ ಬರುವ. ಲಿವಾಕ್ಕೆ."

"ಈ ಕಾರಿನಲ್ಲಾ? ಎಂಥದು ಮಾರಾಯ್ತಿ, ಮರಳಿನಲ್ಲಿ ಇದು ಹೋಗುತ್ತದಾ?"

"ಮರಳಿನಲ್ಲಿ ಅಲ್ಲ ಅಮ್ಮ, ಒಳ್ಳೆ ಡಾಂಬರು ರಸ್ತೆ ಉಂಟು."

ಡಬ್ಬಿಯಲ್ಲಿ ಚಪಾತಿ, ಊರಿಂದ ತಂದ ಕೋಡುಬಳೆ, ಫ್ಲಾಸ್ಕಿನಲ್ಲಿ ಕಾಫಿ. ಅಬುಧಾಬಿ ದಾಟಿ ದಕ್ಷಿಣಕ್ಕೆ ತಿರುಗಿದ ಮೇಲೆ ಊರುಗಳು ವಿರಳವಾದವು. ರಸ್ತೆಯ ಬದಿಗೆ ಒಂಟೆಗಳು ನುಗ್ಗದಂತೆ ತಂತಿಬೇಲಿ, ಅದರಾಚೆ ಬರೀ ಮರಳು. ಮೊದಲು ಬಿಳಿಚಿಕೊಂಡಿದ್ದ ಮರಳು ಒಳಗೆ ಹೋದಂತೆಲ್ಲ ಕೆಂಪೇರುತ್ತ ಬಂತು, ದೋಸೆಯ ಅಂಚು ಕೆಂಪಾಗುವ ಹಾಗೆ. ಅಲ್ಲಿಂದ ಮುಂದೆ ಹಬ್ಬಿರುವುದೇ ರುಬ್ ಅಲ್ ಖಾಲಿ, ಅಂದರೆ ಬರಿದಾದ ಕಾಲುಭಾಗ. ಸೌದಿ, ಒಮಾನ್, ಯೆಮೆನ್, ಎಮಿರೇಟ್ಸ್ ನಾಲ್ಕೂ ದೇಶಗಳಲ್ಲಿ ಸುಮಾರು 6,50,000 ಚದರ ಕಿಲೋಮೀಟರು. ನಮ್ಮ ಕರ್ನಾಟಕದಂಥ ಮೂರು ರಾಜ್ಯಗಳನ್ನು ಅದರೊಳಗೆ ಇಟ್ಟರೂ ಜಾಗ ಉಳಿಯುತ್ತದೆ.

ಲಿವಾ ಅದರ ಅಂಚಿನ ಹಸಿರು ಪಟ್ಟಿ. ನೆಲದಡಿ ನೀರು ಮೇಲೆಯೇ ಸಿಗುವುದರಿಂದ ಖರ್ಜೂರದ ತೋಟಗಳು. ಅಬುಧಾಬಿಯನ್ನು ಆಳುವ ಮನೆತನದ ಬೇರು ಇಲ್ಲಿಯದು. 1793ರಲ್ಲಿ ಅವರು ಕಡಲತಡಿಯ ಅಬುಧಾಬಿ ದ್ವೀಪಕ್ಕೆ ನೆಲೆ ಬದಲಿಸಿದರು. ಎಣ್ಣೆ ಸಿಗುವ ಮೊದಲು ಇಲ್ಲಿಯ ಗಂಡಸರು ಬೇಸಿಗೆಯಲ್ಲಿ ಮುತ್ತು ತೆಗೆಯಲು ಕಡಲಿಗೆ ಹೋಗುತ್ತಿದ್ದರು. ಹೆಂಗಸರು ಹೇಗೆ ಕಾಯುತ್ತಿದ್ದರೋ. ಮೀನುಗಾರರ ಊರುಗಳ ನಡುವೆ ಬೆಳೆದ ನನಗೆ ಅದನ್ನು ಊಹಿಸುವುದು ಕಷ್ಟವಾಗಲಿಲ್ಲ.

ಈ ಮರಳನ್ನು ಬರ್ಟ್ರಮ್ ಥಾಮಸ್ ಎಂಬ ಇಂಗ್ಲಿಷಿನವನು 1930-31ರ ಚಳಿಗಾಲದಲ್ಲಿ ಒಂಟೆಯ ಮೇಲೆ ದಾಟಿದ. ಯುರೋಪಿನವರಲ್ಲಿ ಅವನೇ ಮೊದಲಿಗ. ಆಮೇಲೆ ವಿಲ್ಫ್ರೆಡ್ ಥೆಸಿಗರ್ 1946 ಮತ್ತು 1948ರ ನಡುವೆ ಎರಡು ಸಲ ದಾಟಿ, 1959ರಲ್ಲಿ ‘ಅರೇಬಿಯನ್ ಸ್ಯಾಂಡ್ಸ್’ ಎಂಬ ಪುಸ್ತಕ ಬರೆದ. ಮೋಟಾರು ಬಂದದ್ದು ಅವನಿಗೆ ಬಹಳ ದುಃಖದ ಸಂಗತಿ. ಕಷ್ಟಪಟ್ಟು ದಾಟಿದರೇ ಮರುಭೂಮಿ ಮನುಷ್ಯನಿಗೆ ಏನಾದರೂ ಕೊಡುತ್ತದೆ ಎಂದು ಅವನ ನಂಬಿಕೆ. ಮಗಳ ಮನೆಯಲ್ಲಿ ಆ ಪುಸ್ತಕ ತಿರುವಿದಾಗ ನನಗೆ ನೆನಪಾದದ್ದು ಒರಳುಕಲ್ಲು. ಒರಳಲ್ಲಿ ರುಬ್ಬಿದ ಹಿಟ್ಟಿನ ರುಚಿಯೇ ಬೇರೆ ಎಂದು ಹೊಗಳುವವರು ಯಾರು? ಪಂಕ್ತಿಯಲ್ಲಿ ಕುಳಿತು ಉಂಡವರು. ರುಬ್ಬಿದವರು ಮಿಕ್ಸಿ ಬಂದ ದಿನವೇ ಒರಳನ್ನು ಹಿತ್ತಿಲಿಗೆ ಉರುಳಿಸಿದರು. ಬೆದುಯಿನರೂ ಹಾಗೆಯೇ ಪಿಕಪ್ ಗಾಡಿ ಹತ್ತಿದರು. ಥೆಸಿಗರ್ ಬಯಸಿ ಬಂದ ಕಷ್ಟ, ಅವರಿಗೆ ಬೇಡವೆಂದರೂ ಬಿಡದ ಕಷ್ಟವಾಗಿತ್ತು. ಆರಿಸಿಕೊಂಡ ಕಷ್ಟಕ್ಕೂ ಹೇರಿದ ಕಷ್ಟಕ್ಕೂ ನಾವು ಒಂದೇ ಹೆಸರಿಡುತ್ತೇವಲ್ಲ, ಅಲ್ಲಿಯೇ ತಪ್ಪುತ್ತೇವೆ.

ಲಿವಾದಿಂದ ಮುಂದೆ ತೆಲ್ ಮೊರೀಬ್ ಎಂಬ ಮರಳುಗುಡ್ಡಕ್ಕೆ ಒಂದು ರಸ್ತೆ ಹೋಗುತ್ತದೆ. ಸುಮಾರು 300 ಮೀಟರ್ ಎತ್ತರದ ಗುಡ್ಡ ಅದು. ಚಳಿಗಾಲದ ಹಬ್ಬದಲ್ಲಿ ಅದರ ಕಡಿದಾದ ಮೈಯ ಮೇಲೆ ಗಾಡಿಗಳನ್ನು ಓಡಿಸುವ ಸ್ಪರ್ಧೆ ನಡೆಸುತ್ತಾರೆ. ದಾರಿ ಮರಳಿನ ಅಲೆಗಳ ಮೇಲೆ ಏರಿ, ಇಳಿದು, ಬಳುಕಿ ಹೋಗುತ್ತದೆ. ಮಗಳ ಮುಖದಲ್ಲಿ ನಾನು ಎಷ್ಟೋ ವರ್ಷಗಳಿಂದ ಕಾಣದ ಒಂದು ಕಳೆ ಕಂಡೆ. ಆದರೂ ಮುಳ್ಳು ಫಲಕದಲ್ಲಿ ಬರೆದ ಮಿತಿಯನ್ನು ದಾಟಲಿಲ್ಲ.

"ಇಷ್ಟು ವೇಗ ಇದ್ದೂ ಓಡಿಸುವುದಿಲ್ಲವಲ್ಲ, ಒಮ್ಮೆಯಾದರೂ ಪೂರ್ತಿ ಓಡಿಸಿದ್ದೀಯಾ?" ಎಂದು ಕೇಳಿದೆ.

"ರೇಸಿನ ಟ್ರ್ಯಾಕಿನಲ್ಲಿ ಒಂದೇ ಸಲ. ಅಲ್ಲೂ ಪೂರ್ತಿ ಅಲ್ಲ."

"ಮತ್ತೆ ಯಾಕೆ ಬೇಕಿತ್ತು?"

"ಉಂಟು ಅಂತ ಗೊತ್ತಿದ್ದರೆ ಸಾಕಮ್ಮ."

ಆ ಮಾತು ನನಗೆ ಎಲ್ಲಿ ತಾಗಿತೆಂದು ಅವಳಿಗೆ ಗೊತ್ತಾಗಲಿಲ್ಲ. 1980ರಲ್ಲಿ ನಾನು ಗಣಿತ ಓದಿ ಬಿ.ಎಸ್ಸಿ. ಮುಗಿಸಿದೆ, ಪ್ರಥಮ ದರ್ಜೆ. ಮೈಸೂರಿಗೆ ಹೋಗಿ ಎಂ.ಎಸ್ಸಿ. ಮಾಡು ಎಂದು ಮೇಷ್ಟ್ರು ಮನೆಗೇ ಬಂದು ಅಪ್ಪಯ್ಯನಿಗೆ ಹೇಳಿದರು. ಅಪ್ಪಯ್ಯ ಅವರಿಗೆ ಕಾಫಿ ಕೊಡಿಸಿ ಕಳಿಸಿ, ಅದೇ ವರ್ಷ ಮದುವೆ ಮಾಡಿದರು. ಆಮೇಲಿನ ನಲವತ್ತು ಚಿಲ್ಲರೆ ವರ್ಷ ನನ್ನ ಗಣಿತ ಹಾಲಿನ ಲೆಕ್ಕ, ಅಕ್ಕಿಯ ಲೆಕ್ಕ, ಚೀಟಿಯ ಲೆಕ್ಕ ಮಾಡಿತು. ನಾನೂ ಕೊತ್ತಂಬರಿ ಸೊಪ್ಪಿಗೆ ಹೋದ ಕಾರೇ. ದುಃಖದಿಂದಿದ್ದೆ ಎಂದರೆ ಸುಳ್ಳಾಗುತ್ತದೆ. ಮನೆ, ಮಕ್ಕಳು, ನಮ್ಮವರು ಎಲ್ಲರೂ ಚೆನ್ನಾಗಿಯೇ ಇದ್ದರು. ಎಲ್ಲರೂ ನನ್ನನ್ನು ತಾಳ್ಮೆಯವಳು ಎಂದರು. ನಾನೂ ನಂಬಿದೆ.

ನನಗೊಂದು ಫೋಟೋ ತೆಗೆಯಲೆಂದು ಮಗಳು ರಸ್ತೆಯ ಬದಿಗೆ ಕಾರು ತಂದಳು. ಗಟ್ಟಿ ನೆಲದಂತೆ ಕಂಡದ್ದು ಬರೀ ಮರಳು. ಒಂದು ಬದಿಯ ಚಕ್ರಗಳು ಹೂತವು. ಅವಳು ಆಕ್ಸಿಲರೇಟರ್ ಒತ್ತಿದಳು. ಹಿಂದಿನ ಚಕ್ರ ಗಿರ್ರನೆ ತಿರುಗಿ ಇನ್ನೊಂದು ಗೇಣು ಕೆಳಗಿಳಿಯಿತು. ಮತ್ತೆ ಒತ್ತಿದಳು, ಕಾರಿನ ಹೊಟ್ಟೆ ಮರಳಿಗೆ ತಾಗಿತು. ಅಷ್ಟು ಕುದುರೆಗಳ ಬಲ ಸೇರಿ ಮಾಡಿದ ಕೆಲಸ ತನಗೆ ತಾನೇ ಗುಂಡಿ ತೋಡಿಕೊಂಡದ್ದು.

ಅರ್ಧ ಗಂಟೆಯ ಮೇಲೆ ಒಂದು ಹಳೆಯ ಪಿಕಪ್ ಬಂತು, ಹಿಂದೆ ಒಂಟೆಗಳಿಗೆ ಹುಲ್ಲಿನ ಕಟ್ಟು. ಇಳಿದವನು ಪಠಾಣ, ಬಿಳಿ ಬೆರೆತ ಗಡ್ಡ. ಕಾರನ್ನು ಒಂದು ಸುತ್ತು ನೋಡಿ, ನಗದೆ, "ಪೆಹಲೇ ಹವಾ ನಿಕಾಲೋ, ಬೆಹನ್" ಎಂದ. ಗಾಳಿ ಇಳಿಸು ಮೊದಲು.

ಚಕ್ರದ ಗಾಳಿಯನ್ನು 35ರಿಂದ 20ಕ್ಕೆ ಇಳಿಸಿ, ಕೈಯಿಂದಲೇ ಮರಳು ತೋಡಿ, ಚಕ್ರದಡಿ ಗೋಣಿ ಹಾಸಿದ. ಹಗ್ಗ ಕಟ್ಟುವ ಕೊಕ್ಕೆ ಎಲ್ಲಿದೆಯೆಂದು ಮಗಳಿಗೆ ಗೊತ್ತಿರಲಿಲ್ಲ; ಕೈಪಿಡಿ ಓದಿ, ಮುಂದಿನ ಪೆಟ್ಟಿಗೆಯಿಂದ ಅದನ್ನು ತೆಗೆದು ತಿರುಗಿಸಿ ಕೂರಿಸಿದಳು. ಗಾಳಿ ಇಳಿಸಿದರೆ ಯಾಕೆ ಹೂಳುವುದಿಲ್ಲ ಎಂದು ಅವಳು ತನ್ನಷ್ಟಕ್ಕೆ ಗೊಣಗಿದಾಗ ನನ್ನ ಬಾಯಿಂದ ಉತ್ತರ ಬಂದುಬಿಟ್ಟಿತು: "ಭಾರ ಅಷ್ಟೇ. ಟೈರು ಚಪ್ಪಟೆಯಾದರೆ ನೆಲಕ್ಕೆ ತಾಗುವ ವಿಸ್ತೀರ್ಣ ಹೆಚ್ಚುತ್ತದೆ. ಒಂದೊಂದು ಇಂಚಿನ ಮೇಲೆ ಬೀಳುವ ಒತ್ತಡ ಕಡಿಮೆ. ಒಂಟೆಯ ಪಾದ ಅಗಲ ಇರುವುದೂ ಅದಕ್ಕೇ." ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಹಾಗೆ ಅವಳು ನನ್ನನ್ನು ನೋಡಿದ್ದು ಅದೇ ಮೊದಲು.

ಪಿಕಪ್ ಎಳೆಯಿತು, ಕಾರು ನಿಧಾನವಾಗಿ ಮೇಲೆ ಬಂತು. ಮಗಳು ಹಣ ಕೊಡಹೋದರೆ ಅವನು ಎದೆಗೆ ಕೈಯಿಟ್ಟು ಬೇಡವೆಂದ. ಕೋಡುಬಳೆ ಮಾತ್ರ ತೆಗೆದುಕೊಂಡ. ಈ ದೇಶಕ್ಕೆ ಬಂದು ಇಪ್ಪತ್ತು ವರ್ಷವಾಯಿತಂತೆ, ಎರಡು ವರ್ಷಕ್ಕೊಮ್ಮೆ ಊರಿಗೆ. ಅವನ ಗಾಡಿಯ ಬೆಲೆ ನಮ್ಮ ಕಾರಿನ ಚಕ್ರಗಳಿಗೂ ಸಾಲದೇನೋ. ಆ ಲೆಕ್ಕ ಆಗ ನನ್ನ ಮನಸ್ಸಿನಲ್ಲಿ ಬಂದು ನಿಂತದ್ದು ಈಗಲೂ ಹೋಗಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಪ್ರಬಂಧಕ್ಕೆ ಒಳ್ಳೆಯ ನೀತಿಯೊಂದು ಸಿಗುತ್ತಿತ್ತು. ಬಲ ಹಾಕಿದರೆ ಗುಂಡಿ, ಗಾಳಿ ಇಳಿಸಿದರೆ ದಾರಿ; ಹೆಣ್ಣು ತಗ್ಗಿ ಬಗ್ಗಿ ನಡೆದರೆ ಸಂಸಾರ ಮರಳಿನಲ್ಲೂ ಸಾಗುತ್ತದೆ. ನಮ್ಮ ಅಜ್ಜಿಯಂದಿರು, ಅತ್ತೆಯಂದಿರು ಬೇರೆ ಬೇರೆ ಮಾತಿನಲ್ಲಿ ಹೇಳಿಕೊಟ್ಟದ್ದು ಇದನ್ನೇ. ನಾನೂ ಮನಸ್ಸಿನಲ್ಲೇ ಅದನ್ನು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪಠಾಣ ತನ್ನ ಗಾಡಿಯಿಂದ ಗಾಳಿಯ ಯಂತ್ರ ತಂದ. "ಇನ್ನು ಗಾಳಿ ತುಂಬಬೇಕು ಮಾಜಿ. ಹೀಗೆಯೇ ರಸ್ತೆಯಲ್ಲಿ ಓಡಿಸಿದರೆ ಟೈರು ಬಿಸಿಯಾಗಿ ಒಡೆದುಹೋಗುತ್ತದೆ" ಎಂದು ಹಿಂದಿಯಲ್ಲಿ ನನಗೇ ಹೇಳಿದ. ನಾಲ್ಕು ಚಕ್ರಕ್ಕೂ ತುಂಬುವವರೆಗೆ ನಮ್ಮನ್ನು ಹೊರಡಲು ಬಿಡಲಿಲ್ಲ.

ಗಾಳಿ ಇಳಿಸು ಎಂದು ನಮಗೆ ಎಲ್ಲರೂ ಹೇಳಿದರು. ಮರಳು ಮುಗಿಯಿತು, ಇನ್ನು ತುಂಬಿಕೋ ಎಂದು ಹೇಳಿದವರು ಯಾರು?

ಶಕ್ತಿಯಿದ್ದೂ ಬಳಸದಿರುವುದನ್ನು ನಮ್ಮ ಹಿರಿಯರು ಹೊಗಳಿದ್ದಾರೆ. ಕ್ಷಮೆ ಶಕ್ತನಿಗೆ ಭೂಷಣ ಎನ್ನುತ್ತಾರೆ. ನಿಜವೇ. ಆದರೆ ಅದು ಶಕ್ತನಿಗೆ. ಮಗಳ ಕಾಲಡಿಯಲ್ಲಿ ವೇಗವಿದೆ, ಒತ್ತಬಹುದು, ಒಂಟೆಯೋ ಮಗುವೋ ಅಡ್ಡ ಬಂದೀತೆಂದು ಒತ್ತುವುದಿಲ್ಲ. ಅದು ಸಂಯಮ. ರಸ್ತೆಯನ್ನೇ ಕೊಡದೆ ಕಾರನ್ನು ಕೊಟ್ಟಿಗೆಯಲ್ಲಿಟ್ಟು, ಎಷ್ಟು ಸಾಧು ಕಾರು, ಓಡುವುದೇ ಇಲ್ಲ ಎಂದರೆ ಅದು ಸಂಯಮವಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ: ಕಾರು ನಿಂತಿದೆ. ನನ್ನ ತಾಳ್ಮೆ ಇವೆರಡರಲ್ಲಿ ಯಾವುದು ಎಂದು ಕೇಳಿಕೊಂಡರೆ, ಸ್ವಲ್ಪ ಅದು, ಬಹಳಷ್ಟು ಇದು ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಹನುಮಂತನಿಗೆ ತನ್ನ ಬಲ ಮರೆತುಹೋಗಿತ್ತು. ಕಡಲ ದಂಡೆಯಲ್ಲಿ ಜಾಂಬವಂತ ನೆನಪಿಸಬೇಕಾಯಿತು. ಉಂಟು ಅಂತ ಗೊತ್ತಿದ್ದರೆ ಸಾಕು ಎಂದಳು ಮಗಳು. ಅದು ಸಾಕಾಗಲಿಕ್ಕಿಲ್ಲ, ಆದರೆ ಮೊದಲು ಬೇಕಾದದ್ದು ಅದೇ. ಗೊತ್ತೇ ಇಲ್ಲದವಳು ಲಂಘಿಸುವುದೂ ಇಲ್ಲ, ಲಂಘಿಸದೆ ಇರಲು ನಿರ್ಧರಿಸುವುದೂ ಇಲ್ಲ.

ಹಿಂದಿರುಗುವಾಗ ನನಗೆ ಇನ್ನೊಂದು ನೆನಪು ಕಾಡಿತು. 2012ರಲ್ಲಿ ಈ ಕೆಲಸ ಸಿಕ್ಕಾಗ ಒಬ್ಬಳೇ ಹೋಗುವುದು ಬೇಡ ಎಂದು ಅತ್ತು ಕರೆದವಳು ನಾನೇ. ಅವಳ ಅಪ್ಪ ಸುಮ್ಮನಿದ್ದರು. ಅಪ್ಪಯ್ಯ ನನಗೆ ಮಾಡಿದ್ದನ್ನು ಅವಳಿಗೆ ಮಾಡಹೊರಟವಳು ನಾನು. ಅವಳು ಕೇಳಲಿಲ್ಲ, ಬಚಾವಾದಳು. ಹೇಳಬೇಕೆನಿಸಿತು. "ಆವಾಗ ನಾನು ತಡೆದದ್ದು ತಪ್ಪು" ಎಂದೆ. ಅವಳು ರಸ್ತೆ ನೋಡುತ್ತಲೇ, "ಯಾವಾಗ?" ಎಂದಳು. ಗೊತ್ತಿದ್ದೇ ಕೇಳಿದಳು. ನಾನು ವರ್ಷ ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಫ್ಲಾಸ್ಕಿನಲ್ಲಿ ಕಾಫಿ ಉಳಿದಿದೆಯಾ ಎಂದು ಕೇಳಿದಳು.

ಸೈಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಅಷ್ಟು ಹಣ, ಅಷ್ಟು ಪೆಟ್ರೋಲು ಒಂದು ಸಂತೋಷಕ್ಕೆ ಹೆಚ್ಚೇ ಆಯಿತು. ಆದರೆ ಅದನ್ನು ಫೋನಿನಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ.

ಊರಿಗೆ ಬಂದ ಮೇಲೆ ಅಟ್ಟದಿಂದ ಹಳೆಯ ಕಲನಶಾಸ್ತ್ರದ ಪುಸ್ತಕ ಇಳಿಸಿದೆ. ಗೆದ್ದಲು ಅಂಚುಗಳನ್ನು ತಿಂದಿತ್ತು, ಲೆಕ್ಕಗಳು ಉಳಿದಿದ್ದವು. ಪಕ್ಕದ ಮನೆಯ ಹುಡುಗಿ ಪಿ.ಯು.ಸಿ.ಯಲ್ಲಿದ್ದಾಳೆ, ಸಂಜೆ ಬಂದು ಕೂರುತ್ತಾಳೆ. ಮೊದಲ ವಾರ ಒಂದು ಲೆಕ್ಕ ನನಗೇ ಬರಲಿಲ್ಲ. ಮೂರು ದಿನ ಒದ್ದಾಡಿದೆ. ಮೂರನೆಯ ದಿನ ಮಧ್ಯಾಹ್ನ, ಸಾರಿಗೆ ಒಗ್ಗರಣೆ ಹಾಕುವಾಗ ಉತ್ತರ ಹೊಳೆಯಿತು. ಒಲೆ ಆರಿಸಿ ಬರೆಯಲು ಓಡಿದೆ. ಅಂದು ಸಾರಿಗೆ ಕೊತ್ತಂಬರಿ ಸೊಪ್ಪು ಹಾಕುವುದು ಮರೆತೇಹೋಯಿತು. ನಮ್ಮವರು ಉಂಡೆದ್ದರು, ಏನೂ ಹೇಳಲಿಲ್ಲ.