ದಾರಿಹೋಕನ ದೃಷ್ಟಿ ಯಾರ ಸೊತ್ತು?

ಅಡಿಗೆಮನೆ ತನ್ನದಾದರೂ ಅದರ ಹೊಗೆಯನ್ನು ನೆರೆಮನೆಯತ್ತ ತಿರುಗಿಸುವ ಅಧಿಕಾರ ಯಾರಿಗೂ ಇಲ್ಲ. ತೋಟ ತನ್ನದಾದರೂ ಕೆಳಗಿನ ಗದ್ದೆಗೆ ಹರಿಯುವ ತೋಡಿನ ನೀರನ್ನು ಕಟ್ಟಿ ನಿಲ್ಲಿಸುವುದು ನ್ಯಾಯವಲ್ಲ. ಒಡೆತನಕ್ಕೆ ಇಂತಹ ಮೇರೆಗಳುಂಟೆಂಬುದನ್ನು ಗ್ರಾಮಜೀವನವು ಬಹುಕಾಲದಿಂದ ಅರಿತಿದೆ. ಆದರೆ ಮೋಟಾರು ವಾಹನಗಳ ಮೈಯನ್ನು ಚಕ್ರದಿಂದ ಮಾಡಿನವರೆಗೆ ಬಣ್ಣದ ಹಾಳೆಯಿಂದ ಸುತ್ತಿ, ಅದರ ಮೇಲೆ ಜಾಹೀರಾತನ್ನು ಮುದ್ರಿಸಿ ಬೀದಿಗೆ ಬಿಡುವ ಈಗಿನ ಪದ್ಧತಿಯಲ್ಲಿ ಆ ಮೇರೆ ಎಲ್ಲಿದೆಯೆಂಬುದು ವಿಚಾರಾರ್ಹವಾಗಿದೆ.

ನೆಟ್ಟಣದ ರೈಲ್ವೆ ನಿಲ್ದಾಣಕ್ಕೆ ಸುಬ್ರಹ್ಮಣ್ಯ ರೋಡ್ ಎಂಬ ಹೆಸರು. ಕುಕ್ಕೆಗೆ ಹೋಗುವ ಯಾತ್ರಿಕರು ಇಲ್ಲಿಳಿದು ಬಸ್ಸನ್ನೋ ಬಾಡಿಗೆಯ ವಾಹನವನ್ನೋ ಹಿಡಿಯುತ್ತಾರೆ. ರೈಲ್ವೆ ಇಲಾಖೆಯು 2017ರ ಜನವರಿಯಲ್ಲಿ, ಪ್ರಯಾಣದ ದರವನ್ನು ಬಿಟ್ಟು ಬೇರೆ ಮಾರ್ಗದಿಂದ ಆದಾಯ ಗಳಿಸುವ ನೀತಿಯನ್ನು ಪ್ರಕಟಿಸಿ, ಗಾಡಿಗಳ ಒಳಮೈ ಹೊರಮೈಗಳನ್ನು ಜಾಹೀರಾತಿಗೆ ಕೊಡಬಹುದೆಂದಿತು. ಸಾರಿಗೆ ಸಂಸ್ಥೆಯ ಬಸ್ಸುಗಳ ಮೈಯೂ ಹೀಗೆ ಬಾಡಿಗೆಗೆ ಹೋಗುವುದುಂಟು. ನಗರದ ಜಾಹೀರಾತು ಹಲಗೆ ನಗರದಲ್ಲಿಯೇ ನಿಲ್ಲುತ್ತದೆ. ವಾಹನವಾದರೋ ಕಡಬದ ಪೇಟೆಯನ್ನೂ, ರಬ್ಬರು ತೋಟಗಳನ್ನೂ, ಶಾಲೆಯ ಬಾಗಿಲನ್ನೂ ಹಾದುಹೋಗುತ್ತದೆ. ಪಟ್ಟಣದಲ್ಲಿ ಕೊಟ್ಟ ಅನುಮತಿಯ ಫಲವನ್ನು, ಅದನ್ನು ಕೇಳಿಯೂ ಅರಿಯದ ಹಳ್ಳಿಯ ಕಣ್ಣುಗಳು ಅನುಭವಿಸಬೇಕಾಗುತ್ತದೆ.

ಇದಕ್ಕೆ ಪೂರ್ವಪಕ್ಷವು ದುರ್ಬಲವಾದುದಲ್ಲ. ವಾಹನವು ಒಡೆಯನದು; ಅದರ ಮೈಗೆ ಯಾವ ಬಣ್ಣವನ್ನು ಬಳಿದರೇನು? ಜಾಹೀರಾತಿನ ಹಣದಿಂದ ಸಂಸ್ಥೆಯ ಹೊರೆ ತುಸು ಇಳಿದರೆ ಬಡ ಪ್ರಯಾಣಿಕನಿಗೇ ಲಾಭ. ನೋಡಲು ಇಷ್ಟವಿಲ್ಲದವನು ಮುಖವನ್ನು ತಿರುಗಿಸಿಕೊಳ್ಳಲಿ. ಅಷ್ಟಕ್ಕೂ ಅಲಂಕೃತವಾದ ವಾಹನವು ಈ ನಾಡಿಗೆ ಹೊಸದೆ? ಚಂಪಾಷಷ್ಠಿಗೆ ಕುಕ್ಕೆಯಲ್ಲಿ ಮಲೆಕುಡಿಯರು ಬೆತ್ತದಿಂದ ಕಟ್ಟುವ ತೇರೂ ಕಣ್ಣನ್ನು ಸೆಳೆಯುವುದಕ್ಕಾಗಿಯೇ ಸಿಂಗಾರಗೊಳ್ಳುವುದಲ್ಲವೆ?

ಉತ್ತರವನ್ನು ಕಡೆಯ ಮಾತಿನಿಂದಲೇ ಆರಂಭಿಸಬಹುದು. ತೇರನ್ನು ನೋಡುವವನು ತಾನೇ ಬಯಸಿ ಬರುತ್ತಾನೆ. ಅವನ ನೋಟವನ್ನು ಯಾರೂ ಮೂರನೆಯವನಿಗೆ ಮಾರಿಲ್ಲ. ಜಾಹೀರಾತಿನಲ್ಲಿ ಮಾರಾಟವಾಗುವ ವಸ್ತು ಯಾವುದು? ಬಸ್ಸಿನ ತಗಡು ಎಂದು ಹೇಳುವುದು ಸರಿಯಲ್ಲ. ಕೊಟ್ಟಿಗೆಯಲ್ಲಿ ನಿಂತ ಬಸ್ಸಿನ ಮೈಗೆ ಯಾವ ವರ್ತಕನೂ ಬಿಡಿಗಾಸನ್ನು ಕೊಡಲಾರನು. ಜನರು ಹೆಚ್ಚಿರುವ ದಾರಿಗೆ ಹೆಚ್ಚು ಬೆಲೆ, ವಿರಳವಾದ ದಾರಿಗೆ ಕಡಮೆ. ಆದುದರಿಂದ ಕೊಳ್ಳುವವನು ಕೊಳ್ಳುವುದು ದಾರಿಹೋಕರ ದೃಷ್ಟಿಯನ್ನು. ಅದು ಬಸ್ಸಿನ ಒಡೆಯನ ಸೊತ್ತಲ್ಲ. ಮುಖವನ್ನು ತಿರುಗಿಸಬಹುದೆಂಬ ಮಾತೂ ನಿಲ್ಲದು. ಇಂದ್ರಿಯಕ್ಕೂ ವಿಷಯಕ್ಕೂ ಸನ್ನಿಕರ್ಷವೊದಗಿದಾಗ ಪ್ರತ್ಯಕ್ಷಜ್ಞಾನವು ಹುಟ್ಟುವುದೆಂದು ನೈಯಾಯಿಕರು ಹೇಳುತ್ತಾರೆ; ನೋಡುವವನ ಇಚ್ಛೆಗಾಗಿ ಅದು ಕಾಯುವುದಿಲ್ಲ. ಕಣ್ಣನ್ನು ತಿರುಗಿಸುವಷ್ಟರಲ್ಲಿ ನೋಟವು ಆಗಿಹೋಗಿರುತ್ತದೆ. ಎದುರಿನಿಂದ ಬರುವ ವಾಹನದ ಚಾಲಕನಿಗಂತೂ ಕಣ್ಣನ್ನು ತಿರುಗಿಸುವುದೇ ಅಪಾಯ.

ಈ ವಿವಾದವು ಬೇರೆ ದೇಶಗಳಲ್ಲಿಯೂ ಹುಟ್ಟಿದೆ. ನ್ಯೂಯಾರ್ಕ್ ನಗರದ ನಿಯಮವೊಂದು, ವರ್ತಕನು ತನ್ನ ಗಾಡಿಯ ಮೇಲೆ ತನ್ನ ವ್ಯಾಪಾರದ ವಿಷಯವನ್ನು ಬರೆಯಬಹುದು, ಹಣ ಪಡೆದು ಪರರ ಜಾಹೀರಾತನ್ನು ಹೊರಬಾರದು ಎಂದಿತ್ತು. ಸುಮಾರು 1900 ಗಾಡಿಗಳಿದ್ದ ಸಾಗಣೆಯ ಕಂಪೆನಿಯೊಂದು ಇದನ್ನು ಪ್ರಶ್ನಿಸಿತು. ಎರಡೂ ಬಗೆಯ ಬರಹಗಳು ಕಣ್ಣನ್ನು ಸಮನಾಗಿ ಸೆಳೆಯುತ್ತವೆ, ಭೇದವೇಕೆ ಎಂಬುದು ಅದರ ವಾದ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1949ರಲ್ಲಿ ನಿಯಮವನ್ನೇ ಎತ್ತಿಹಿಡಿಯಿತು. ಆ ಭೇದದಲ್ಲಿ ನೀತಿಯ ತಿರುಳೊಂದಿದೆ. ತನ್ನ ಹೆಸರನ್ನು ಬರೆದುಕೊಂಡವನು ತನ್ನ ಮಾತಿಗೆ ತಾನೇ ಹೊಣೆಗಾರನು. ಬಾಡಿಗೆಗೆ ಮೈಯೊಡ್ಡಿದವನು, ಇಂದು ಸೋಪಿಗೆ, ನಾಳೆ ಸಾಲದ ಅಂಗಡಿಗೆ, ಹಣ ಕೊಟ್ಟವನಿಗೆಲ್ಲ ನಾಲಿಗೆಯಾಗುತ್ತಾನೆ.

ಈ ದೇಶದ ಕಾನೂನೂ ಮೌನವಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜು ಬೆಳಕಿನ ನೂರಕ್ಕೆ 70 ಪಾಲನ್ನೂ, ಪಕ್ಕದ ಗಾಜು 50 ಪಾಲನ್ನೂ ಒಳಬಿಡಬೇಕು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಾಜಿಗೆ ಕಪ್ಪು ಹಾಳೆಯನ್ನಂಟಿಸುವುದನ್ನು ನಿಷೇಧಿಸಿತು. ಹೊಗೆಸೊಪ್ಪಿನ ಸರಕುಗಳ ಜಾಹೀರಾತನ್ನು 2003ರ ಶಾಸನವು ತಡೆದಿದೆ. 2022ರ ಅಕ್ಟೋಬರಿನಲ್ಲಿ ಪಾಲಕ್ಕಾಡ್ ಜಿಲ್ಲೆಯ ವಡಕ್ಕಂಚೇರಿಯಲ್ಲಿ ಪ್ರವಾಸಿ ಬಸ್ಸೊಂದು ಸರಕಾರಿ ಬಸ್ಸಿಗೆ ಬಡಿದು ಒಂಬತ್ತು ಮಂದಿ ಮಡಿದ ಬಳಿಕ, ಕೇರಳದ ಉಚ್ಚ ನ್ಯಾಯಾಲಯವು ವಾಹನಗಳ ಅಬ್ಬರದ ಚಿತ್ರಗಳ ವಿಚಾರವನ್ನೆತ್ತಿಕೊಂಡು, ಸರಕಾರಿ ಬಸ್ಸುಗಳ ಜಾಹೀರಾತನ್ನೂ ತಡೆಯಿತು. ಸಾರಿಗೆ ಸಂಸ್ಥೆಯು ಆದಾಯದ ನಷ್ಟವನ್ನು ಮುಂದಿಡಲು, 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಗೆ ತಡೆಯಿತ್ತಿತು. ಸುರಕ್ಷೆ, ಆದಾಯ ಇವೆರಡರ ತೂಕದಲ್ಲಿ ಮನಸ್ಸುಗಳು ಎಷ್ಟು ಸುಲಭವಾಗಿ ಡೋಲಾಯಮಾನವಾಗುವುವೆಂಬುದಕ್ಕೆ ಇದೇ ನಿದರ್ಶನ.

ಇಲ್ಲಿಯೇ ಅನುಮತಿಯ ನಿಜವಾದ ಅರ್ಥವನ್ನು ತಿಳಿಯಬೇಕು. 1976ರ ಕರ್ನಾಟಕ ಪೌರನಿಗಮಗಳ ಅಧಿನಿಯಮದಲ್ಲಿ ಜಾಹೀರಾತಿಗೆ ತೆರಿಗೆಯೂ ಇತ್ತು, ಆಯುಕ್ತನ ಲಿಖಿತ ಅನುಮತಿಯೂ ಬೇಕಾಗಿತ್ತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ, ಜಾಹೀರಾತಿನ ಮೇಲೆ ತೆರಿಗೆ ಹಾಕುವ ರಾಜ್ಯದ ಅಧಿಕಾರವು ಸಂವಿಧಾನದಿಂದಲೇ ಹೋಯಿತು. ತೆರಿಗೆ ಹೋದರೂ ಅನುಮತಿಯ ಅಗತ್ಯವು ಹೋಗಲಿಲ್ಲ, ಹೋಗಲೂಬಾರದು. ತೆರಿಗೆಯು ಬೊಕ್ಕಸದ ವಿಷಯ. ಅನುಮತಿಯು ವಿವೇಕದ ವಿಷಯ. ಅನುಮತಿಯನ್ನು ಕೊಡುವವನು ತನ್ನ ಸೊತ್ತನ್ನು ಮಾರುವವನಲ್ಲ, ಕೇಳಲ್ಪಡದ ಸಹಸ್ರಾರು ಜನರ ಪರವಾಗಿ ಉತ್ತರ ಹೇಳುವವನು. ಶುಲ್ಕವನ್ನು ಕಟ್ಟಿದವರಿಗೆಲ್ಲ ಮುದ್ರೆಯೊತ್ತಿ ಕೊಟ್ಟರೆ ಅವನು ಕಾವಲುಗಾರನಾಗಿ ಉಳಿಯದೆ ದಲಾಲನಾಗುತ್ತಾನೆ.

ಬಸ್ಸಿನೊಳಗೆ ಕುಳಿತವನನ್ನೂ ಮರೆಯಬಾರದು. ಕಿಟಿಕಿಯ ಗಾಜಿಗೂ ಸಣ್ಣ ಸಣ್ಣ ತೂತುಗಳ ಹಾಳೆಯನ್ನು ಅಂಟಿಸಿದಾಗ ಹೊರಗಿನವರಿಗೆ ಚಿತ್ರ ಕಾಣುತ್ತದೆ. ಒಳಗಿನವನಿಗೆ ಘಟ್ಟದ ತಪ್ಪಲಿನ ಕಾಡೂ ಹೊಳೆಯೂ ಮಸುಕಾಗುತ್ತವೆ. ಟಿಕೇಟಿನ ಹಣವನ್ನು ತೆತ್ತವನ ನೋಟವನ್ನು ಮುಚ್ಚಿ, ತೆರದವನ ನೋಟವನ್ನು ಮಾರುವ ಈ ವ್ಯಾಪಾರದಲ್ಲಿ ಇಬ್ಬರೂ ನಷ್ಟಕ್ಕೊಳಗಾಗುತ್ತಾರೆ.

ಜಾಹೀರಾತೇ ಬೇಡವೆಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ. ಕಿಟಿಕಿ, ಸಂಖ್ಯಾಫಲಕ, ದೀಪಗಳನ್ನು ಮುಟ್ಟದೆ, ಮಿತವಾದ ಸ್ಥಳದಲ್ಲಿ, ಸತ್ಯವಾದ ಮಾತನ್ನು ಬರೆಯುವವನಿಗೆ ಅಡ್ಡಿಯಿರಬೇಕಾಗಿಲ್ಲ. ಆ ಮಿತಿಯು ಸರಕಾರದ ಬಸ್ಸಿಗೂ ಸಾಹುಕಾರನ ಕಾರಿಗೂ ಒಂದೇ ಆಗಿರಬೇಕು. ಆದಾಯವು ಸಾರ್ವಜನಿಕವಾದುದೆಂದ ಮಾತ್ರಕ್ಕೆ ಅಪಾಯವು ಕಡಮೆಯಾಗದು. ದಾರಿಯು ಎಲ್ಲರದಾಗಿರುವಂತೆ ದಾರಿಯ ನೋಟವೂ ಎಲ್ಲರದು. ಎಲ್ಲರದಾದುದನ್ನು ಒಬ್ಬನಿಗೆ ಬಳಸಲು ಬಿಡುವಾಗ, ಉಳಿದವರಿಗೆ ಲೆಕ್ಕ ಒಪ್ಪಿಸುವುದು ಬಿಟ್ಟವನ ಧರ್ಮ.